ವಿಜ್ಞಾನ ಮೇಳಕ್ಕೆ ಭೂವಿಜ್ಞಾನದ ಉಚಿತ ದತ್ತಾಂಶ ಎಲ್ಲಿ ಸಿಗುತ್ತದೆ?

ಪ್ರಶ್ನೆ:
ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು ವಿಜ್ಞಾನ ಮೇಳಕ್ಕಾಗಿ ಭೂಕಂಪಗಳ ಕುರಿತು ಯೋಜನೆಯೊಂದನ್ನು ಸಿದ್ಧಪಡಿಸುತ್ತಿದ್ದಾಳೆ. ಅಡುಗೆ ಸೋಡಾದ ಜ್ವಾಲಾಮುಖಿಯನ್ನೇ ಮತ್ತೆ ಉಕ್ಕಿಸುವ ಬದಲು ನಿಜವಾದ ದತ್ತಾಂಶವನ್ನು ಬಳಸಬೇಕೆಂಬುದು ಅವಳ ಆಸೆ. ಅಂತರಜಾಲದಲ್ಲಿ ಉಚಿತವಾಗಿ ಸಿಗುವ ನಂಬಿಕಸ್ಥ ಮೂಲಗಳನ್ನು ದಯವಿಟ್ಟು ತಿಳಿಸುವಿರಾ?

ಉತ್ತರ 1:
ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯಾದ ಯುಎಸ್‌ಜಿಎಸ್‌ನ ಭೂಕಂಪ ಪಟ್ಟಿಯಿಂದ ಆರಂಭಿಸುವುದು ಒಳಿತು. ಅಲ್ಲಿ ಅವಧಿ, ಪ್ರದೇಶ ಮತ್ತು ಕನಿಷ್ಠ ತೀವ್ರತೆಯನ್ನು ನಮೂದಿಸಿದರೆ, ಪ್ರತಿಯೊಂದು ಕಂಪನದ ಸಮಯ, ಅಕ್ಷಾಂಶ, ರೇಖಾಂಶ, ಆಳ ಮತ್ತು ತೀವ್ರತೆಗಳಿರುವ ಸಿಎಸ್‌ವಿ ಕಡತವನ್ನು ಇಳಿಸಿಕೊಳ್ಳಬಹುದು. ಅದು ಎಕ್ಸೆಲ್‌ನಲ್ಲಿ ನೇರವಾಗಿ ತೆರೆಯುತ್ತದೆ. ಕೆಲವು ವರ್ಷಗಳ ಕಡತದಲ್ಲಿ 5ಕ್ಕಿಂತ ಮತ್ತು 6ಕ್ಕಿಂತ ಹೆಚ್ಚು ತೀವ್ರತೆಯ ಭೂಕಂಪಗಳನ್ನು ಬೇರೆಬೇರೆಯಾಗಿ ಎಣಿಸಿದರೆ, ತೀವ್ರತೆ ಒಂದು ಅಂಕ ಏರಿದಾಗ ಸಂಖ್ಯೆ ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆಂಬ ಗುಟೆನ್‌ಬರ್ಗ್–ರಿಕ್ಟರ್ ನಿಯಮವನ್ನು ಅವಳೇ ಪರೀಕ್ಷಿಸಬಹುದು. ಅದೇ ಒಂದು ಅಂಕಕ್ಕೆ ಹೊರಬೀಳುವ ಶಕ್ತಿ ಮಾತ್ರ ಸುಮಾರು 32 ಪಟ್ಟು ಹೆಚ್ಚುತ್ತದೆ ಎಂಬುದನ್ನೂ ನಕ್ಷೆಯ ಪಕ್ಕದಲ್ಲಿ ಬರೆದರೆ ತೀರ್ಪುಗಾರರು ಖಂಡಿತ ನಿಂತು ನೋಡುತ್ತಾರೆ.

ಉತ್ತರ 2:
ವಿಷಯವನ್ನು ಬದಲಿಸಲು ಅವಕಾಶವಿದ್ದರೆ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳನ್ನೂ ಪರಿಗಣಿಸಿ. 1972ರಿಂದ ಸಂಗ್ರಹವಾಗಿರುವ ಈ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತವಾಗಿವೆ. ಒಂದು ಸರೋವರ ಹೇಗೆ ಕುಗ್ಗಿತೆಂದು ತೋರಿಸಲು ಇವು ಸಾಕು.

ಉತ್ತರ 3:
ಮೊದಲ ಉತ್ತರಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಆ ಕಡತದ ಆಳದ ಕಾಲಂನಲ್ಲಿ 10 ಕಿ.ಮೀ. ಎಂಬುದು ಮತ್ತೆಮತ್ತೆ ಕಾಣಿಸುತ್ತದೆ. ಆಳವನ್ನು ನಿಖರವಾಗಿ ಲೆಕ್ಕಹಾಕಲಾಗದಿದ್ದಾಗ ಹಲವೆಡೆ ಈ ಮೌಲ್ಯವನ್ನೇ ನಿಗದಿಪಡಿಸುವುದರಿಂದ, ಆಳದ ನಕ್ಷೆ ಬರೆಯುವ ಮುನ್ನ ಅಂಥ ಸಾಲುಗಳನ್ನು ಬೇರ್ಪಡಿಸುವುದು ಸೂಕ್ತ.