ಕ್ಯಾರವಾನ್ ಒಳದೀಪಗಳಿಗೆ ವೈರ್‌ಲೆಸ್ ಸ್ವಿಚ್: ಪ್ರಶ್ನೋತ್ತರ

ಪ್ರಶ್ನೆ (ಉಡುಪಿಯ ಸದಸ್ಯೆ): ನಮಸ್ಕಾರ ಅಣ್ಣ. ನಾವಿಬ್ಬರೂ ನಿವೃತ್ತರಾದ ಮೇಲೆ ಒಂದು ಹಳೆಯ ಟೆಂಪೋ ಟ್ರಾವೆಲರ್ ಕೊಂಡು, ಆರ್‌ಟಿಒ ಒಪ್ಪಿಗೆ ಪಡೆದು, ಕ್ಯಾರವಾನ್ ಮಾಡಿಸುತ್ತಿದ್ದೇವೆ. ಒಳಗೆ ಪ್ಲೈವುಡ್ ಹೊದೆಸಿ ಆಗಿದೆ. ಚಾವಣಿಯ ದೀಪಗಳಿಗೆ ವೈರು ಎಳೆದಿದ್ದಾರೆ, ಆದರೆ ಹಾಸಿಗೆಯ ಬಳಿ ಸ್ವಿಚ್ಚಿಗೆಂದು ವೈರು ತಂದಿಲ್ಲ. ಕೇಳಿದರೆ, "ವೈರ್‌ಲೆಸ್ ಹಾಕಿಸಿ, ವೈರೇ ಬೇಡ" ಎನ್ನುತ್ತಾರೆ. ರಾತ್ರಿ ಎದ್ದು ಬಾಗಿಲಿನವರೆಗೆ ತಡಕಾಡಿಕೊಂಡು ಹೋಗುವುದು ನಮ್ಮ ವಯಸ್ಸಿಗೆ ಆಗದು. ಪ್ಲೈವುಡ್ ಬಿಚ್ಚದೆ ಕೆಲಸ ಆಗುತ್ತದೆಯೇ?

ಉತ್ತರ (ವಾಹನ ಎಲೆಕ್ಟ್ರಿಷಿಯನ್, ಮಂಗಳೂರು): ಆಗುತ್ತದೆ ಅಕ್ಕ, ಪ್ಲೈವುಡ್ ಮುಟ್ಟುವುದೇ ಬೇಡ. ಆದರೆ "ವೈರೇ ಬೇಡ" ಎಂಬ ಮಾತನ್ನು ನಂಬಬೇಡಿ. ವೈರ್‌ಲೆಸ್‌ನಿಂದ ಉಳಿತಾಯವಾಗುವುದು ದೀಪದಿಂದ ಸ್ವಿಚ್ಚಿಗೆ ಹೋಗುವ ವೈರು ಮಾತ್ರ. ಬ್ಯಾಟರಿಯಿಂದ ಫ್ಯೂಸಿಗೆ, ಫ್ಯೂಸಿನಿಂದ ರಿಸೀವರಿಗೆ (ಸ್ವಿಚ್ಚಿನ ಸಿಗ್ನಲ್ ಹಿಡಿದು ದೀಪ ಹಚ್ಚಿ ಆರಿಸುವ ಸಾಧನ), ರಿಸೀವರಿನಿಂದ ದೀಪಕ್ಕೆ ತಾಮ್ರ ಬೇಕೇ ಬೇಕು. ನಿಮ್ಮಲ್ಲಿ ದೀಪದ ವೈರು ಈಗಾಗಲೇ ಇರುವುದರಿಂದ, ಎಲ್ಲ ವೈರುಗಳು ಬಂದು ಸೇರುವ ಫ್ಯೂಸ್ ಪೆಟ್ಟಿಗೆಯ ಪಕ್ಕದಲ್ಲೇ ರಿಸೀವರ್ ಕೂರಿಸಿದರೆ ಸಾಕು. ಸ್ವಿಚ್ಚನ್ನು ಹಾಸಿಗೆಯ ಬದಿಯ ಪ್ಲೈವುಡ್ಡಿಗೆ ಎರಡು ಸ್ಕ್ರೂ ಹಾಕಿ ಬಿಗಿಯಬಹುದು.

ರಿಸೀವರ್ 12 ವೋಲ್ಟ್ ಡಿಸಿಯದ್ದೇ ಆಗಿರಲಿ. ಮನೆಗೆ ಹಾಕುವ 230 ವೋಲ್ಟಿನ ಸ್ಮಾರ್ಟ್ ಬಲ್ಬು ತಂದು ಇನ್ವರ್ಟರಿನಿಂದ ಉರಿಸುವವರಿದ್ದಾರೆ. ಐದು ವಾಟಿನ ದೀಪಕ್ಕಾಗಿ ಇನ್ವರ್ಟರ್ ರಾತ್ರಿಯಿಡೀ ಚಾಲೂ ಇರಬೇಕಾಗುತ್ತದೆ, ಕೆಲವು ಇನ್ವರ್ಟರುಗಳು ಏನೂ ಹೊರೆಯಿಲ್ಲದಾಗಲೇ ಹತ್ತು ಹದಿನೈದು ವಾಟ್ ತಿನ್ನುತ್ತವೆ. ರಿಸೀವರನ್ನು ಕಬ್ಬಿಣದ ಡಬ್ಬಿಯೊಳಗೆ ಮುಚ್ಚಿಡಬೇಡಿ, ನೀರಿನ ಟ್ಯಾಂಕಿನ ಹಿಂದೆಯೂ ಬೇಡ. ಲೋಹ ಸಿಗ್ನಲ್ ತಡೆಯುತ್ತದೆ, ನೀರು ಹೀರುತ್ತದೆ. ಹಾಗೆ ಮಾಡದಿದ್ದರೆ ಐದಾರು ಮೀಟರಿನ ಗಾಡಿಯೊಳಗೆ ಸಿಗ್ನಲ್ ಕೊರತೆಯಾಗದು.

ಪ್ರಶ್ನೆ (ಉಡುಪಿಯ ಸದಸ್ಯೆ): ಮೊಬೈಲಿನಲ್ಲೇ ದೀಪ ಹಚ್ಚುವಂಥದ್ದು ಚೆನ್ನಾಗಿರುತ್ತದೆ ಎಂದು ಅಳಿಯ ಹೇಳುತ್ತಾನೆ. ಜರ್ಮನಿಯಲ್ಲಿರುವ ಮಗನಂತೂ ಬ್ಯಾಟರಿಯೇ ಇಲ್ಲದ ಸ್ವಿಚ್ ಕಳುಹಿಸುತ್ತೇನೆ ಎನ್ನುತ್ತಿದ್ದಾನೆ. ಯಾವುದನ್ನು ಹಾಕಿಸಲಿ?

ಉತ್ತರ: ಮೊದಲು ಮೊಬೈಲಿನ ವಿಷಯ. ವೈಫೈ ಸ್ವಿಚ್ಚುಗಳಲ್ಲಿ ಹಲವು, ನೀವು ಒತ್ತಿದ್ದನ್ನು ಇಂಟರ್ನೆಟ್ ಮೂಲಕ ಎಲ್ಲಿಯದೋ ಸರ್ವರಿಗೆ ಕಳುಹಿಸಿ, ಅಲ್ಲಿಂದ ಅಪ್ಪಣೆ ಬಂದ ಮೇಲೆ ದೀಪ ಹಚ್ಚುತ್ತವೆ. ಆಗುಂಬೆ ಘಾಟಿಯಲ್ಲೋ ಕುದುರೆಮುಖದ ಕಾಡುದಾರಿಯಲ್ಲೋ ನೆಟ್‌ವರ್ಕ್ ಹೋದರೆ, ತಲೆಯ ಮೇಲಿರುವ ದೀಪ ಉರಿಯಲು ಬೆಂಗಳೂರೋ ಸಿಂಗಾಪುರವೋ ಒಪ್ಪಬೇಕು! ಗಾಡಿಗೆ ಇದು ಖಂಡಿತ ಬೇಡ. ಮೊಬೈಲ್ ಬೇಕೇ ಬೇಕೆಂದರೆ ನೇರವಾಗಿ ಬ್ಲೂಟೂತ್‌ನಲ್ಲಿ ಮಾತಾಡುವಂಥದ್ದನ್ನು ತೆಗೆದುಕೊಳ್ಳಿ. ಜೊತೆಗೆ ಒತ್ತುವ ಗುಂಡಿಯೂ ಇರಲಿ. ನಡುರಾತ್ರಿ ಕನ್ನಡಕ ಹುಡುಕಿ, ಫೋನ್ ತೆರೆದು, ಆ್ಯಪ್ ಹುಡುಕುವಷ್ಟರಲ್ಲಿ ಬೆಳಗಾಗುತ್ತದೆ.

433 ಮೆಗಾಹರ್ಟ್ಸಿನ ರಿಮೋಟುಗಳು ಅಗ್ಗ, ಪ್ಲೈವುಡ್ಡನ್ನು ಸಲೀಸಾಗಿ ದಾಟುತ್ತವೆ. ಆದರೆ ಅಗ್ಗದವುಗಳಲ್ಲಿ ಕೋಡ್ ಬದಲಾಗುವುದಿಲ್ಲ. ಪಕ್ಕದಲ್ಲಿ ನಿಂತ ಗಾಡಿಯವರ ರಿಮೋಟಿಗೂ ಅದೇ ಕೋಡ್ ಇದ್ದರೆ ಅವರು ಒತ್ತಿದಾಗ ನಿಮ್ಮ ದೀಪ ಆರುತ್ತದೆ. ಅನೇಕ ಕಾರುಗಳ ಕೀಲಿಯೂ ಇದೇ ತರಂಗದಲ್ಲಿ ಕೆಲಸ ಮಾಡುತ್ತದೆ. ರಿಮೋಟಿನ ಗುಂಡಿ ದಿಂಬಿನಡಿ ಒತ್ತಿಕೊಂಡೇ ಉಳಿದರೆ ಹತ್ತಿರದ ಕಾರಿನ ಬಾಗಿಲು ತನ್ನ ಕೀಲಿಗೆ ಸ್ಪಂದಿಸದೆ ಹೋಗಬಹುದು.

ಮಗ ಹೇಳುವ ಸ್ವಿಚ್ ನನಗೂ ಬಹಳ ಇಷ್ಟ. ಗುಂಡಿ ಒತ್ತುವ ಬಲದಿಂದಲೇ ಒಳಗಿನ ಅಯಸ್ಕಾಂತ ಅಲುಗಿ, ಸುರುಳಿಯಲ್ಲಿ ಒಂದು ಚಿಟಿಕೆ ವಿದ್ಯುತ್ ಹುಟ್ಟಿ, ಆ ಒಂದು ಸಂದೇಶ ಹೊರಡುತ್ತದೆ. ಸೆಲ್ ಇಲ್ಲ, ಸೆಲ್ಲಿನ ಸ್ಪ್ರಿಂಗ್ ಉಪ್ಪುಗಾಳಿಗೆ ಹಸಿರುಗಟ್ಟುವ ರಗಳೆಯೂ ಇಲ್ಲ. ಆದರೆ ತರಂಗಾಂತರ ಕೇಳಿ ತರಿಸಿ. ಯುರೋಪಿನಲ್ಲಿ ಮಾರುವ ಇಂಥ ಸ್ವಿಚ್ಚುಗಳಲ್ಲಿ ಹೆಚ್ಚಿನವು 868.3 ಮೆಗಾಹರ್ಟ್ಸಿನವು. ನಮ್ಮಲ್ಲಿ ಪರವಾನಗಿ ಬೇಡದ ತರಂಗಾಂತರ 865ರಿಂದ 868ರವರೆಗೆ, ಆ ಸ್ವಿಚ್ ಕೂದಲೆಳೆಯಷ್ಟು ಆಚೆಗೆ ಬೀಳುತ್ತದೆ. ಅದೇ ಬ್ಯಾಟರಿರಹಿತ ಸ್ವಿಚ್ 2.4 ಗಿಗಾಹರ್ಟ್ಸಿನಲ್ಲಿ, ಬ್ಲೂಟೂತ್ ಅಥವಾ ಜಿಗ್‌ಬೀ ಮಾದರಿಯಲ್ಲಿಯೂ ಸಿಗುತ್ತದೆ. ಅದನ್ನೇ ಕಳುಹಿಸಲು ಹೇಳಿ. ಜೊತೆಗೆ ಅದಕ್ಕೆ ಹೊಂದುವ 12 ವೋಲ್ಟಿನ ರಿಸೀವರನ್ನೂ ಅಲ್ಲಿಂದಲೇ ತರಿಸಿಕೊಳ್ಳಿ. ಒಂದು ಕಂಪನಿಯ ಸ್ವಿಚ್ ಇನ್ನೊಂದರ ರಿಸೀವರಿನ ಜೊತೆ ಕೂಡುತ್ತದೆ ಎಂಬ ಖಾತರಿ ಇಲ್ಲ.

ಪ್ರಶ್ನೆ (ಸುರತ್ಕಲ್‌ನ ಸದಸ್ಯ): ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಗಾಡಿಯಲ್ಲಿ ರಿಮೋಟ್ ಡಿಮ್ಮರ್ ಇದೆ. ಎಂಜಿನ್ ಸ್ಟಾರ್ಟ್ ಮಾಡಿದಾಗ ಆರಿಸಿದ್ದ ದೀಪಗಳೆಲ್ಲ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಬೆಳಕು ಕಡಿಮೆ ಮಾಡಿದರೆ ಚಾವಣಿಯ ಉರುಟು ದೀಪಗಳು ಮಿನುಗುತ್ತವೆ, ಎಲ್‌ಇಡಿ ಪಟ್ಟಿ ಮಾತ್ರ ಸರಿಯಾಗಿದೆ. ರಿಸೀವರ್ ಹಾಳಾಗಿದೆಯೇ?

ಉತ್ತರ: ರಿಸೀವರ್ ಸರಿಯಾಗಿಯೇ ಇದೆ. ಸೆಲ್ಫ್ ಹೊಡೆಯುವಾಗ ಸ್ಟಾರ್ಟರ್ ಮೋಟಾರ್ ನೂರಾರು ಆಂಪಿಯರ್ ಎಳೆಯುತ್ತದೆ, ಕ್ಷಣಕಾಲ ವೋಲ್ಟೇಜ್ ಹತ್ತಕ್ಕಿಂತ ಕೆಳಗಿಳಿಯಬಹುದು. ರಿಸೀವರ್ ಸತ್ತು ಮತ್ತೆ ಎದ್ದಾಗ "ಕರೆಂಟು ಬಂದರೆ ದೀಪ ಹಚ್ಚು" ಎಂಬುದು ಕಾರ್ಖಾನೆಯಲ್ಲೇ ಇಟ್ಟ ಕ್ರಮ. ಮನೆಯ ಗೋಡೆಸ್ವಿಚ್ಚಿಗೆ ಅದು ಒಪ್ಪುತ್ತದೆ, ಗಾಡಿಗೆ ಒಪ್ಪುವುದಿಲ್ಲ. ಬಹುತೇಕ ಒಳ್ಳೆಯ ರಿಸೀವರುಗಳಲ್ಲಿ ಇದನ್ನು "ಆರಿಯೇ ಇರಲಿ" ಅಥವಾ "ಹಿಂದೆ ಇದ್ದಂತೆ ಇರಲಿ" ಎಂದು ಬದಲಿಸಬಹುದು. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಒಳದೀಪಗಳು ಎಂಜಿನ್ನಿನ ಬ್ಯಾಟರಿಯಿಂದಲೇ ನಡೆಯುತ್ತಿವೆ ಎಂಬುದಕ್ಕೆ ಇದು ಸುಳಿವು. ಒಳಗಿನ ಬಳಕೆಗೆ ಬೇರೆ ಬ್ಯಾಟರಿ ಇಟ್ಟು ಅದಕ್ಕೆ ಸೇರಿಸಿ. ಇಲ್ಲದಿದ್ದರೆ ಒಂದು ದಿನ ಮರವಂತೆಯ ದಂಡೆಯಲ್ಲಿ ರಾತ್ರಿಯೆಲ್ಲ ದೀಪ ಉರಿಸಿ, ಬೆಳಿಗ್ಗೆ ಗಾಡಿ ತಳ್ಳಲು ಹೆದ್ದಾರಿಯಲ್ಲಿ ಜನ ಕರೆಯಬೇಕಾದೀತು.

ಮಿನುಗುವುದಕ್ಕೆ ಕಾರಣ ಬೇರೆ. ಡಿಮ್ಮರ್ ಬೆಳಕು ಕಡಿಮೆ ಮಾಡುವುದು ದೀಪವನ್ನು ಸೆಕೆಂಡಿಗೆ ನೂರಾರು ಬಾರಿ ಹಚ್ಚಿ ಆರಿಸುವ ಮೂಲಕ. ಎಲ್‌ಇಡಿ ಪಟ್ಟಿಯಲ್ಲಿ ಕರೆಂಟಿಗೆ ತಡೆಯೊಡ್ಡುವ ಬರೀ ರೆಸಿಸ್ಟರ್ ಇರುವುದರಿಂದ ಅದಕ್ಕೆ ತೊಂದರೆಯಿಲ್ಲ. ಉರುಟು ದೀಪದೊಳಗೆ ಕರೆಂಟನ್ನು ಒಂದೇ ಸಮ ಇಡುವ ಸಣ್ಣ ಡ್ರೈವರ್ ಇರುತ್ತದೆ. ಪ್ರತಿ ಬಾರಿ ಕರೆಂಟು ಹೋಗಿ ಬಂದಾಗಲೂ ಅದು ಹೊಸದಾಗಿ ಶುರುವಾಗಲು ಹೆಣಗಾಡುತ್ತದೆ. ಯಾವುದು ಯಾವ ಜಾತಿ ಎಂದು ತಿಳಿಯಲು ಮೀಟರೂ ಬೇಡ. ಡಿಮ್ಮರ್ ಪೂರ್ತಿ ಏರಿಸಿಟ್ಟು ಎಂಜಿನ್ ಸ್ಟಾರ್ಟ್ ಮಾಡಿ. ಬೆಳಕು ಏರಿದರೆ ರೆಸಿಸ್ಟರಿನದ್ದು, ಹಾಗೆಯೇ ಇದ್ದರೆ ಡ್ರೈವರಿನದ್ದು. ಡ್ರೈವರ್ ಇರುವವನ್ನು ಡಿಮ್ಮರಿನಿಂದ ಬೇರ್ಪಡಿಸಿ, ಬರೀ ಆನ್ ಆಫ್ ಆಗುವ ಚಾನೆಲ್ಲಿಗೆ ಹಾಕಿ.

ಬೆಳಕು ಏರುವ ಪಟ್ಟಿಯ ಕಥೆಯೂ ಹೇಳಿಬಿಡುತ್ತೇನೆ. ಮೂರು ಎಲ್‌ಇಡಿ ಸೇರಿ ಸುಮಾರು 9 ವೋಲ್ಟ್, ಉಳಿದದ್ದು ರೆಸಿಸ್ಟರಿನ ಪಾಲು. 12 ವೋಲ್ಟಿನಲ್ಲಿ ಅದು 3. ಚಾರ್ಜ್ ಆಗುವಾಗ 14.4ಕ್ಕೆ ಹೋದರೆ 5.4. ಅಂದರೆ ಕರೆಂಟು ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು. ಅಡುಗೆ ಕಟ್ಟೆಯ ಮೇಲಿನ ಪಟ್ಟಿ ಬೇಗ ಹಳದಿಗಟ್ಟುವುದಕ್ಕೆ ಇದೂ ಒಂದು ಕಾರಣ. ಪಟ್ಟಿಯನ್ನು ಶಾಖ ಎಳೆದುಕೊಳ್ಳುವ ಅಲ್ಯುಮಿನಿಯಂ ಚಾನೆಲ್ಲಿಗೆ ಅಂಟಿಸಿ, ಹಗಲು ಹೊತ್ತು ಓಡಿಸುವಾಗ ಆರಿಸಿಡಿ.

ಪ್ರಶ್ನೆ (ಕುಂದಾಪುರದ ಸದಸ್ಯ): ಮಾರಾಯರೇ, ನಮ್ಮ ಕ್ಯಾರವಾನ್ ಮಳೆಗಾಲ ಪೂರ್ತಿ ಶೆಡ್ಡಿನಲ್ಲೇ ಇರುತ್ತದೆ. ಎಲ್ಲ ಆರಿಸಿಟ್ಟರೂ ಚೌತಿಯ ಹೊತ್ತಿಗೆ 100 ಆಂಪಿಯರ್-ಅವರ್ ಬ್ಯಾಟರಿ ಪೂರ್ತಿ ಇಳಿದಿರುತ್ತದೆ. ವೈರ್‌ಲೆಸ್ ಹಾಕಿಸಿದ ಮೇಲೆಯೇ ಹೀಗೆ.

ಉತ್ತರ: ದೀಪ ಆರಿದ್ದರೂ ರಿಸೀವರ್ ಕಿವಿ ತೆರೆದುಕೊಂಡೇ ಇರುತ್ತದೆ. ಒಂದೊಂದು 10 ಮಿಲಿಆಂಪಿಯರ್ ತಿಂದರೂ ಐದು ರಿಸೀವರಿಗೆ 50. ದಿನಕ್ಕೆ 1.2 ಆಂಪಿಯರ್-ಅವರ್, 90 ದಿನಕ್ಕೆ 108. ನಿಮ್ಮ ಬ್ಯಾಟರಿ ಇರುವುದೇ ನೂರರದ್ದು. ಲೆಡ್ ಆ್ಯಸಿಡ್ ಬ್ಯಾಟರಿ ಹಾಗೆ ಬರಿದಾಗಿ ವಾರಗಟ್ಟಲೆ ಬಿದ್ದಿದ್ದರೆ ತಟ್ಟೆಗಳ ಮೇಲೆ ಸಲ್ಫೇಟ್ ಕಟ್ಟಿ, ಮತ್ತೆ ಮೊದಲಿನಂತಾಗುವುದಿಲ್ಲ. ಬ್ಯಾಟರಿಯ ಪಾಸಿಟಿವ್‌ಗೆ ಕೈಯಿಂದ ತಿರುಗಿಸುವ ಕಟ್-ಆಫ್ ಸ್ವಿಚ್ ಹಾಕಿಸಿ, ಗಾಡಿ ಶೆಡ್ಡಿಗೆ ಹೋದ ದಿನವೇ ತಿರುಗಿಸಿಬಿಡಿ. ತಿಂಗಳಿಗೊಮ್ಮೆ ಚಾರ್ಜರ್ ಹಾಕಿ. ಚಾವಣಿಯ ಸೋಲಾರ್ ನೋಡಿಕೊಳ್ಳುತ್ತದೆ ಎಂದು ಬಿಡಬೇಡಿ, ಶೆಡ್ಡಿನಡಿ ಬಿಸಿಲೆಲ್ಲಿ?

ಪ್ರಶ್ನೆ (ಉಡುಪಿಯ ಸದಸ್ಯೆ): ನಮ್ಮ ಮನೆ ಮಲ್ಪೆಗೆ ಹತ್ತಿರ. ಕಬ್ಬಿಣದ ಗೇಟೇ ತುಕ್ಕು ಹಿಡಿದು ಉದುರುತ್ತದೆ. ಈ ಎಲೆಕ್ಟ್ರಾನಿಕ್ಸ್ ಎಲ್ಲ ಬಾಳುತ್ತದೆಯೇ?

ಉತ್ತರ: ಬಾಳಿಸಬಹುದು. ಮಲ್ಪೆ ಬಂದರಿನಲ್ಲಿ ದೋಣಿಗಳ ವೈರಿಂಗ್ ಮಾಡುವವರನ್ನು ಕೇಳಿ, ತವರ ಲೇಪಿಸಿದ ತಾಮ್ರದ ವೈರು ಎಲ್ಲಿ ಸಿಗುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ. ಬರೀ ತಾಮ್ರವಾದರೆ ಉಪ್ಪು ತೇವಾಂಶ ಎಳೆಗಳ ನಡುವೆ ನುಗ್ಗಿ, ಮೇಲಿನ ಪ್ಲಾಸ್ಟಿಕ್ ಹೊಸದರಂತೆ ಕಂಡರೂ ಒಳಗೆ ಕಪ್ಪಾಗಿರುತ್ತದೆ. ಜೋಡಣೆಗಳನ್ನು ತಿರುಚಿ ಟೇಪು ಸುತ್ತಿ ಬಿಡಲು ಒಪ್ಪಬೇಡಿ. ಕ್ರಿಂಪ್ ಮಾಡಿಸಿ (ಲೋಹದ ತುಂಡಿನೊಳಗಿಟ್ಟು ಒತ್ತಿ ಬಿಗಿಸುವುದು), ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್-ಶ್ರಿಂಕ್ ಕೊಳವೆ ಹಾಕಿಸಿ. ಚಾವಣಿಗೆ ಎಳೆದಿರುವ ವೈರು ಎಷ್ಟು ದಪ್ಪ ಎಂದೂ ಕೇಳಿ. 1.5 ಚದರ ಮಿಲಿಮೀಟರ್ ಆದರೆ ಐದು ಮೀಟರ್ ದೂರಕ್ಕೆ 3 ಆಂಪಿಯರ್ ಹೋದಾಗ 0.4 ವೋಲ್ಟಿನಷ್ಟು ಕುಸಿತ, ಪರವಾಗಿಲ್ಲ. 0.75 ಹಾಕಿದ್ದರೆ ಅದರ ಎರಡು ಪಟ್ಟು.

ಪ್ರಶ್ನೆ (ಉಡುಪಿಯ ಸದಸ್ಯೆ): ಬಹಳ ಉಪಕಾರವಾಯಿತು ಅಣ್ಣ. ರಿಸೀವರ್ ಕೆಟ್ಟುಹೋದರೆ ಆ ರಾತ್ರಿ ಏನು ಮಾಡುವುದು?

ಉತ್ತರ: ಅದನ್ನೇ ಕೇಳುತ್ತೀರೋ ಎಂದು ಕಾಯುತ್ತಿದ್ದೆ. ಪಕ್ಕದ ಬಾಗಿಲಿನ ಒಳಬದಿಯಲ್ಲಿ, ಹೊರಗೆ ನಿಂತವರ ಕೈಗೂ ಎಟಕುವಂತೆ, ಒಂದು ಸಾದಾ ಸ್ವಿಚ್ ಇಡಿಸಿ. ಅದು ರಿಸೀವರಿನ ಹಂಗಿಲ್ಲದೆ, ತನ್ನದೇ ಫ್ಯೂಸಿನಿಂದ ಒಂದು ದೀಪವನ್ನಾದರೂ ನೇರವಾಗಿ ಹಚ್ಚಬೇಕು. ಬಾಗಿಲಿನ ಬಳಿ ಪ್ಲೈವುಡ್ ಅಂಚು ಕೊನೆಯಾಗುವುದರಿಂದ ಅಲ್ಲಿಗೆ ವೈರು ತರಲು ಏನನ್ನೂ ಬಿಚ್ಚಬೇಕಾಗಿಲ್ಲ. ಬ್ರೇಕ್ ದೀಪ, ಇಂಡಿಕೇಟರ್, ಹೆಡ್‌ಲೈಟುಗಳ ಕಂಪನಿ ವೈರಿಂಗಿಗೆ ಮಾತ್ರ ಯಾರೂ ಕೈ ಹಾಕದಂತೆ ನೋಡಿಕೊಳ್ಳಿ. ಪ್ಲೈವುಡ್ಡಿಗೆ ಮೈಕಾ ಅಂಟಿಸುವ ಮೊದಲು ಫ್ಯೂಸ್ ಪೆಟ್ಟಿಗೆಯ ಒಂದು ಫೋಟೋ ಇಲ್ಲಿ ಹಾಕಿ, ಯಾವ ವೈರು ಎಲ್ಲಿಗೆ ಎಂದು ಗುರುತು ಮಾಡಿ ಕೊಡುತ್ತೇನೆ.