ಅಮ್ಮನಿಗೆ ಸ್ಕ್ಯಾನ್ ನೋಡಿಕೊಂಡು ಸೂಜಿ ಬಯಾಪ್ಸಿ ಮಾಡುತ್ತಾರಂತೆ, ಹೇಗಿರುತ್ತೆ?

ಪ್ರಶ್ನೆ (ಹೊಳಲ್ಕೆರೆಯಿಂದ)

ಅಮ್ಮನ ಎದೆಯಲ್ಲಿ ಸಣ್ಣ ಗಂಟು ಇದೆ. ದಾವಣಗೆರೆಯಲ್ಲಿ ತೋರಿಸಿದೆವು, ಮುಂದಿನ ವಾರ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಿಂದ ತುಣುಕು ತೆಗೆಯುತ್ತೇವೆ ಅಂದರು. ಊರಲ್ಲಿ ಎಲ್ಲರೂ ಸೂಜಿ ಚುಚ್ಚಿದರೆ ಗಂಟು ಕೆರಳಿ ಮೈಯೆಲ್ಲ ಹರಡುತ್ತೆ ಅಂತ ಹೆದರಿಸಿದ್ದಾರೆ, ಅಮ್ಮ ಈಗ ಬರುವುದೇ ಇಲ್ಲ ಅನ್ನುತ್ತಿದ್ದಾರೆ. ತುಂಬಾ ನೋವಾಗುತ್ತಾ? ಅಡ್ಮಿಟ್ ಆಗಬೇಕಾ? ಹಾರ್ಟಿಗೆ ದಿನಾ ಆಸ್ಪಿರಿನ್ ಬೇರೆ ತಗೋತಾರೆ.

ಉತ್ತರ 1

ತಂಗಿ, ನನಗೂ ಇದೇ ಆಗಿತ್ತು. ಮೊದಲು ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ, ಉರಿಯುವುದು ಆಗಲೇ, ಅದೂ ಸ್ವಲ್ಪ ಹೊತ್ತು. ಆಮೇಲೆ ಡಾಕ್ಟರ್ ಒಂದು ಕೈಯಲ್ಲಿ ಪ್ರೋಬ್ (ಮೈಮೇಲೆ ಆಡಿಸುವ ಸ್ಕ್ಯಾನ್ ಸಾಧನ) ಹಿಡಿದು, ಸೂಜಿ ಗಂಟಿನೊಳಗೆ ಹೋಗುವುದನ್ನು ಪರದೆಯಲ್ಲಿ ನೋಡುತ್ತಲೇ ಮಾಡುತ್ತಾರೆ. ತುಣುಕು ತೆಗೆಯುವಾಗ 'ಟಕ್' ಅಂತ ಜೋರು ಶಬ್ದ ಬರುತ್ತೆ. ಇದನ್ನು ಅಮ್ಮನಿಗೆ ಮೊದಲೇ ಹೇಳಿಡಿ, ಗೊತ್ತಿಲ್ಲದಿದ್ದರೆ ಬೆಚ್ಚಿ ಅಲುಗಾಡಿಬಿಡುತ್ತಾರೆ. ಒಂದೇ ತುಣುಕಲ್ಲ, ಮೂರ್ನಾಲ್ಕು ತೆಗೆಯುತ್ತಾರೆ. ಹೊಲಿಗೆ ಇಲ್ಲ, ಒತ್ತಿ ಹಿಡಿದು ಪಟ್ಟಿ ಹಾಕುತ್ತಾರೆ ಅಷ್ಟೇ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಕೆಲವು ದಿನ ನೀಲಿಗಟ್ಟಿರುತ್ತೆ, ಭಾರ ಎತ್ತಿಸಬೇಡಿ.

ಉತ್ತರ 2 (ನಾನು ನರ್ಸ್, ಚಿತ್ರದುರ್ಗ)

ಆಸ್ಪಿರಿನ್ ನೀವೇ ನಿಲ್ಲಿಸಬೇಡಿ, ಹಾರ್ಟ್ ಡಾಕ್ಟರನ್ನು ಕೇಳಿ, ಬಯಾಪ್ಸಿ ಮಾಡುವವರಿಗೂ ತಿಳಿಸಿ. ಎಷ್ಟೋ ಸಲ ನಿಲ್ಲಿಸುವುದೇ ಬೇಕಿರುವುದಿಲ್ಲ.

ಹರಡುತ್ತೆ ಅನ್ನುವ ಮಾತು ಕೇಳಿ ಕೇಳಿ ನನಗೆ ಸಂಕಟ ಆಗುತ್ತೆ. ಸೂಜಿ ಹೋದ ದಾರಿಯಲ್ಲಿ ಗಡ್ಡೆ ಬೆಳೆಯುವುದು ತೀರಾ ಅಪರೂಪ, ಆದರೆ ಆ ಭಯಕ್ಕೆ ಪರೀಕ್ಷೆ ಮುಂದಕ್ಕೆ ಹಾಕಿ ಕಾಯಿಲೆ ಬಲಿತ ಮೇಲೆ ಬರುವವರನ್ನು ನೋಡುತ್ತಲೇ ಇರುತ್ತೇವೆ. ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಒಂದು ವೇಳೆ ಆಗಿದ್ದರೂ ಯಾವ ಬಗೆಯದು, ಯಾವ ಔಷಧಿಗೆ ಬಗ್ಗುತ್ತೆ ಅನ್ನುವುದು ಆ ತುಣುಕಿನಿಂದಲೇ ಗೊತ್ತಾಗಬೇಕು. ರಿಪೋರ್ಟ್‌ಗೆ ಕೆಲವು ದಿನ ಬೇಕು, ಇನ್ನಷ್ಟು ಪರೀಕ್ಷೆ ಬೇಕು ಅಂದರೆ ಇನ್ನೂ ತಡ. ತಡವಾದ ಮಾತ್ರಕ್ಕೆ ಕೆಟ್ಟ ಸುದ್ದಿ ಅಂದುಕೊಳ್ಳಬೇಡಿ.

ಮನೆಗೆ ಬಂದ ಮೇಲೆ ರಕ್ತ ನಿಲ್ಲದಿದ್ದರೆ, ಊತ ಜಾಸ್ತಿ ಆಗುತ್ತಿದ್ದರೆ, ಜ್ವರ ಬಂದರೆ ತಕ್ಷಣ ಹೋಗಿ.

ಉತ್ತರ 3

ಇದನ್ನು ಓದುವ ಬೇರೆಯವರಿಗೆ: ಶ್ವಾಸಕೋಶದ ಬಯಾಪ್ಸಿ ಇಷ್ಟು ಹಗುರ ಅಲ್ಲ. ನಮ್ಮ ತಂದೆಗೆ ಸಿ.ಟಿ. ಸ್ಕ್ಯಾನ್ ನೋಡಿಕೊಂಡು ಮಾಡಿದರು. ಹೇಳಿದಾಗ ಉಸಿರು ಬಿಗಿ ಹಿಡಿಯಬೇಕು. ಗಾಳಿ ಸೋರಿ ಶ್ವಾಸಕೋಶ ಕುಗ್ಗುವ ಅಪಾಯ ಇರುತ್ತೆ, ಅದಕ್ಕೇ ಆಮೇಲೆ ಎಕ್ಸ್‌ರೇ ತೆಗೆದು ಕೆಲವು ಗಂಟೆ ಅಲ್ಲೇ ಇರಿಸಿಕೊಂಡರು.

ಪ್ರಶ್ನೆ ಕೇಳಿದವರು

ಅಕ್ಕ, ನಿಮ್ಮ ಉತ್ತರ ಅಮ್ಮನಿಗೆ ಓದಿ ಹೇಳಿದೆ, ಬರುತ್ತೇನೆ ಅಂದಿದ್ದಾರೆ. ನಾನು ಒಳಗೆ ಜೊತೆಗಿರಬಹುದಾ?

ಉತ್ತರ 2

ಅಲ್ಟ್ರಾಸೌಂಡ್ ಆದರೆ ಕೆಲವು ಕಡೆ ಬಿಡುತ್ತಾರೆ, ಮೊದಲೇ ಕೇಳಿಕೊಳ್ಳಿ. ಹಳೇ ಸ್ಕ್ಯಾನ್ ಫಿಲ್ಮು, ಮಾತ್ರೆ ಚೀಟಿ ಎಲ್ಲಾ ತನ್ನಿ. ಮುಂದೆ ಗುಂಡಿ ಇರುವ ರವಿಕೆ ಹಾಕಿಸಿ.