ಮೀನುಮರಿಯ ಮೂಳೆಯನ್ನು ಬೆಳಕಿನಿಂದ ಓದುವುದು: ಬಣ್ಣ ಹಚ್ಚುವ ಕಾಲ ನಿಜಕ್ಕೂ ಮುಗಿಯಿತೇ?

ಪಟ್ಟೆಮೀನು:
ಕಳೆದ ವಾರ ಸೆಮಿನಾರೊಂದರಲ್ಲಿ ಉಪನ್ಯಾಸಕರೊಬ್ಬರು, ರಾಮನ್ ಸ್ಪೆಕ್ಟ್ರೋಸ್ಕೋಪಿ ಕೈಗೆ ಸಿಕ್ಕಿರುವಾಗ ಭ್ರೂಣಕ್ಕೆ ಬಣ್ಣ ಹಚ್ಚುವ, ಹೊಳೆಯುವ ಪ್ರೋಟೀನಿನ ಜೀನ್ ಸೇರಿಸುವ ಕಾಲ ಮುಗಿಯಿತು ಎಂದರು. ಅಂಗಾಂಶದ ಮೇಲೆ ಲೇಸರ್ ಬಿಟ್ಟು, ಚದುರಿ ಹೊರಬರುವ ಬೆಳಕಿನ ಬಣ್ಣ ಎಷ್ಟು ಸರಿದಿದೆ ಎಂದು ಅಳೆದು, ಆ ಸರಿತದಿಂದಲೇ ಅಲ್ಲಿ ಯಾವ ಬಗೆಯ ಅಣುಗಳಿವೆ ಎಂದು ಹೇಳುವ ವಿಧಾನವಿದು. ಜೀಬ್ರಾಮೀನಿನ ಮರಿಗಳಲ್ಲಿ ಮೂಳೆ ಹೇಗೆ ಗಟ್ಟಿಯಾಗುತ್ತದೆ ಎಂಬುದರ ಮೇಲೆ ನಾನು ಈಗಷ್ಟೇ ಕೆಲಸ ಆರಂಭಿಸಿದ್ದೇನೆ. ಈ ಮಾತನ್ನು ನಂಬಿಕೊಂಡು ಎರಡು ವರ್ಷ ಕಳೆಯಬಹುದೇ ಎಂಬುದು ನನ್ನ ಪ್ರಶ್ನೆ.

ಸೂಕ್ಷ್ಮದರ್ಶಿ:
ನಂಬಬೇಡಿ ಎನ್ನುವುದು ನನ್ನ ಅಭಿಪ್ರಾಯ. ಸುಮಾರು ಒಂದು ಕೋಟಿ ಫೋಟಾನುಗಳು ಬಿದ್ದರೆ ಒಂದು ಮಾತ್ರ ರಾಮನ್ ರೀತಿಯಲ್ಲಿ ಚದುರುತ್ತದೆ, ಆದ್ದರಿಂದ ಪ್ರತಿ ಬಿಂದುವಿನಲ್ಲೂ ಕಾದು ಕೂರಬೇಕು. ಲೆಕ್ಕ ಹಾಕಿ ನೋಡಿ: ಅಡ್ಡಕ್ಕೆ 200, ಉದ್ದಕ್ಕೆ 200 ಬಿಂದುಗಳ ಸಾಧಾರಣ ಚಿತ್ರಕ್ಕೆ ಬಿಂದುವಿಗೊಂದು ಸೆಕೆಂಡಿನಂತೆ ಹನ್ನೊಂದು ಗಂಟೆ ಬೇಕು. 28.5 ಡಿಗ್ರಿಯಲ್ಲಿ ಬೆಳೆಯುವ ಜೀಬ್ರಾಮೀನಿನ ಭ್ರೂಣದಲ್ಲಿ ಅರ್ಧ ಗಂಟೆಗೊಂದರಂತೆ ದೇಹಖಂಡಗಳು ಮೂಡುತ್ತವೆ. ಅಂದರೆ ನಿಮ್ಮ ಚಿತ್ರದ ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ ಇಪ್ಪತ್ತೆರಡು ಖಂಡಗಳಷ್ಟು ಅಂತರವಿರುತ್ತದೆ, ಅದು ಒಂದೇ ಭ್ರೂಣದ ಚಿತ್ರವೆಂದು ಹೇಗೆ ಕರೆಯುತ್ತೀರಿ? ಇನ್ನೊಂದು ಮಾತು. ಹಸಿರು ಹೊಳೆಯುವ ಪ್ರೋಟೀನನ್ನು ಒಂದೇ ಒಂದು ಬಗೆಯ ಕೋಶದಲ್ಲಿ ಹಚ್ಚಿ, ಆ ಕೋಶ ಎಲ್ಲಿಗೆ ಹೋಯಿತು ಎಂದು ನಾನು ಹಿಂಬಾಲಿಸಬಲ್ಲೆ. ರಾಮನ್‌ಗೆ ಪ್ರೋಟೀನು ಕಾಣುತ್ತದೆಯೇ ಹೊರತು ಅದು ಯಾವ ಪ್ರೋಟೀನು ಎಂಬುದು ಸಾಮಾನ್ಯವಾಗಿ ಕಾಣುವುದಿಲ್ಲ.

ಹಳೇಮೇಷ್ಟ್ರು:
ಸೂಕ್ಷ್ಮದರ್ಶಿಯವರ ಲೆಕ್ಕ ಸರಿಯಾಗಿದೆ, ಆದರೆ ಅವರು ಬಹಳ ನಿಧಾನದ ಬಂಡಿಯನ್ನು ಓಟಕ್ಕೆ ಇಳಿಸಿದ್ದಾರೆ. 2008ರಲ್ಲಿ ಬಂದ ಪ್ರಚೋದಿತ ರಾಮನ್ ವಿಧಾನದಲ್ಲಿ ಎರಡು ಲೇಸರುಗಳನ್ನು ಒಟ್ಟಿಗೆ ಬಿಟ್ಟು ಅಣುವಿನ ಒಂದೇ ಕಂಪನವನ್ನು ಹಿಡಿಯುವುದರಿಂದ, ಕೊಬ್ಬಿನಂಥ ಹೇರಳ ವಸ್ತುವನ್ನು ವಿಡಿಯೊ ವೇಗದಲ್ಲಿ ನೋಡಬಹುದು. ಅದರ ಬೆಲೆಯೇನೆಂದರೆ, ಪೂರ್ಣ ವರ್ಣಪಟಲ, ಅಂದರೆ ಎಲ್ಲ ಸರಿತಗಳನ್ನೂ ಒಟ್ಟಿಗೆ ತೋರಿಸುವ ನಕ್ಷೆ, ಕೈತಪ್ಪಿ ಹೋಗುತ್ತದೆ.

ಲೇಸರಿನ ಆಯ್ಕೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಚದುರುವಿಕೆಯ ಬಲ ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುವುದರಿಂದ 785 ನ್ಯಾನೋಮೀಟರಿನ ಬದಲು 532 ಬಳಸಿದರೆ ಸುಮಾರು 4.7 ಪಟ್ಟು ಹೆಚ್ಚು ಸಂಕೇತ ಸಿಗುತ್ತದೆ. ಆ ಆಸೆಗೆ ಬಿದ್ದವರು ಅಂಗಾಂಶದ ಸ್ವಂತ ಹೊಳಪಿನಲ್ಲಿ ಸಂಕೇತವನ್ನೇ ಕಳೆದುಕೊಳ್ಳುವುದನ್ನು ನಾನು ಬಹಳ ಕಂಡಿದ್ದೇನೆ. (ಸೆಮಿನಾರಿನವರು ಇದನ್ನು ಬೆಂಗಳೂರಿನ ಆವಿಷ್ಕಾರವೆಂದೂ ಹೇಳಿರಬಹುದು, ಎಲ್ಲರೂ ಹಾಗೇ ಹೇಳುತ್ತಾರೆ. 1928ರ ಫೆಬ್ರವರಿ 28 ನಡೆದದ್ದು ಕೋಲ್ಕತ್ತದಲ್ಲಿ. ರಾಮನ್ ಬೆಂಗಳೂರಿಗೆ ಬಂದದ್ದು 1933ರಲ್ಲಿ.)

ಕರಾವಳಿಯವಳು:
ಬೆಂಗಳೂರಿನ ನಂಟು ಬೇಕಿದ್ದರೆ ಮೀನಿನ ಕಡೆಯಿಂದ ಹುಡುಕಿ, ಮೇಷ್ಟ್ರೇ. 1822ರಲ್ಲಿ ಜೀಬ್ರಾಮೀನಿಗೆ ವೈಜ್ಞಾನಿಕ ಹೆಸರಿಟ್ಟ ಹ್ಯಾಮಿಲ್ಟನ್ ಎಂದರೆ, ಟಿಪ್ಪು ಮಡಿದ ಮರುವರ್ಷ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬೆಳೆ, ಮಣ್ಣು, ಜಾತಿಗಳನ್ನು ಬರೆದಿಟ್ಟ ಅದೇ ಬುಕಾನನ್. ನನ್ನ ಪ್ರಶ್ನೆ ಬೇರೆ. ನಾವು ಸಾಕುವ ಕಾಟ್ಲಾ, ರೋಹು ಮರಿಗಳಲ್ಲಿ ಬೆನ್ನುಮೂಳೆ ಡೊಂಕಾಗುವ ತೊಂದರೆ ಬಂದಾಗ ಈ ವಿಧಾನ ಉಪಯೋಗಕ್ಕೆ ಬರುತ್ತದೆಯೇ, ಅಥವಾ ಇದು ಗಾಜಿನಂತೆ ಪಾರದರ್ಶಕವಾದ ಪುಟ್ಟ ಮೀನಿಗೆ ಮಾತ್ರವೇ?

ಪಟ್ಟೆಮೀನು:
ಮೇಡಂ, ಮೊದಲ ಕೆಲವು ದಿನಗಳ ಮರಿಗಳಲ್ಲಿ ಸಾಧ್ಯವಿರಬೇಕು. ಆಮೇಲೆ ಮೈ ದಪ್ಪವಾಗಿ, ಬಣ್ಣ ಬಂದು, ಬೆಳಕು ಒಳಗೆ ಹೋಗುವುದೇ ಕಷ್ಟ.

ಬಣ್ಣದ ವಿಷಯದಲ್ಲಿ ನನಗೇ ಪೆಟ್ಟು ಬಿದ್ದಿದೆ. ಮೂರು ದಿನದ ಮರಿಯನ್ನು ಟ್ರೈಕೇನ್ ದ್ರಾವಣದಲ್ಲಿ ಮಂಪರಿಗೆ ತಂದು, ಅಗರೋಸ್ ಎಂಬ ತೆಳು ಜೆಲ್ಲಿಯಲ್ಲಿ ಪಕ್ಕಕ್ಕೆ ಮಲಗಿಸಿ, ಲೇಸರನ್ನು ಬೆನ್ನಿನ ಕಪ್ಪು ಚುಕ್ಕೆಯೊಂದರ ಅಂಚಿಗೆ ತಂದೆ. ಎರಡು ಸೆಕೆಂಡಿನಲ್ಲಿ ಅಲ್ಲೊಂದು ಸಣ್ಣ ಗುಳ್ಳೆ ಎದ್ದಿತು, ಪಾರದರ್ಶಕವಾಗಿದ್ದ ಸುತ್ತಲಿನ ಸ್ನಾಯು ಹಾಲಿನಂತೆ ಮಂಜಾಯಿತು, ಸ್ವಲ್ಪ ಹೊತ್ತಿಗೆ ಹೃದಯ ನಿಂತಿತು. ಚುಕ್ಕೆಯ ಕಪ್ಪು ವಸ್ತುವಾದ ಮೆಲನಿನ್ ಬೆಳಕನ್ನು ನುಂಗಿ ಕಾದಿತ್ತು. ಅದಕ್ಕೂ ಮೊದಲಿನ ಇಡೀ ಒಂದು ದಿನ ನನಗೆ ಸಿಕ್ಕಿದ್ದು ಮೀನಿನದಲ್ಲ, ಡಬ್ಬಿಯ ತಳದ ಗಾಜಿನ ವರ್ಣಪಟಲ. ಕೊನೆಗೆ ಧೈರ್ಯ ಕೊಟ್ಟದ್ದು ಕಿವಿಯ ಕಲ್ಲು. ಮರಿಯ ಕಿವಿಯೊಳಗೆ ಎರಡು ಹೊಳೆಯುವ ಚುಕ್ಕೆಗಳಂತೆ ಕಾಣುವ ಆ ಕಲ್ಲುಗಳು ಅರಗೊನೈಟ್ ರೂಪದ ಕ್ಯಾಲ್ಸಿಯಂ ಕಾರ್ಬೊನೇಟ್. ಅಲ್ಲಿಗೆ ಲೇಸರ್ ಇಟ್ಟೊಡನೆ ವರ್ಣಪಟಲದ 1085ರಲ್ಲಿ (ಬೆಳಕು ಸರಿದ ಪ್ರಮಾಣ, ‘ಪ್ರತಿ ಸೆಂಟಿಮೀಟರ್’ ಎಂಬ ಮಾನದಲ್ಲಿ) ಸೂಜಿಯಂತೆ ಚೂಪಾದ ಶಿಖರವೊಂದು ಎದ್ದಿತು. ಈಗ ಮೊಟ್ಟೆಗಳನ್ನು ಎರಡನೆಯ ದಿನಕ್ಕೆ ಮುಂಚೆಯೇ ಪಿಟಿಯು (ಫೀನೈಲ್‌ಥಯೋಯೂರಿಯಾ) ದ್ರಾವಣಕ್ಕೆ ಹಾಕಿ, ಕಪ್ಪು ಬಣ್ಣ ಮೂಡದಂತೆ ತಡೆಯುತ್ತಿದ್ದೇನೆ.

ಸೂಕ್ಷ್ಮದರ್ಶಿ:
ಅಲ್ಲಿಗೆ ಬಂದಿರಿ. ಬಣ್ಣ ಹಚ್ಚಲಿಲ್ಲ, ಜೀನ್ ಮುಟ್ಟಲಿಲ್ಲ ಎನ್ನುತ್ತಲೇ ಮರಿಯನ್ನು ದಿನಗಟ್ಟಲೆ ಔಷಧದಲ್ಲಿ ಅದ್ದಿಟ್ಟಿದ್ದೀರಿ. ಪಿಟಿಯು ಥೈರಾಯಿಡ್ ಹಾರ್ಮೋನಿನ ತಯಾರಿಕೆಗೂ ಅಡ್ಡಿ ಮಾಡುತ್ತದೆ, ಮೂಳೆಯ ಬೆಳವಣಿಗೆಗೆ ಥೈರಾಯಿಡ್ ಬೇಕೇ ಬೇಕು. ನಿಮ್ಮ ಪ್ರಶ್ನೆ ಮೂಳೆಯದ್ದಾಗಿರುವಾಗ ಇದು ಸಣ್ಣ ತೊಡಕಲ್ಲ. ಕ್ಯಾಸ್ಪರ್ ತಳಿಯನ್ನು ತರಿಸಿಕೊಳ್ಳಿ. 2008ರಲ್ಲಿ ವರದಿಯಾದ ಆ ತಳಿಯಲ್ಲಿ ಕಪ್ಪು ಬಣ್ಣದ ಕೋಶಗಳೂ ಇಲ್ಲ, ಬೆಳ್ಳಿಯಂತೆ ಮಿನುಗುವ ಕೋಶಗಳೂ ಇಲ್ಲ, ದೊಡ್ಡ ಮೀನು ಕೂಡ ಪಾರದರ್ಶಕವಾಗಿಯೇ ಉಳಿಯುತ್ತದೆ. ಆದರೆ ಅದೂ ಜೀನ್ ಬದಲಾದ ಮೀನೇ ಎಂಬುದನ್ನು ಸೆಮಿನಾರಿನವರಿಗೆ ನೆನಪಿಸಿ.

ಹಳೇಮೇಷ್ಟ್ರು:
ಆ ಏಟು ಸರಿಯಾಗಿಯೇ ಬಿತ್ತು. ಆದರೂ ಮೂಳೆಯ ವಿಷಯದಲ್ಲಿ ನಾನು ರಾಮನ್ ಪಕ್ಷವನ್ನು ಬಿಡಲಾರೆ. 2008ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಜೀಬ್ರಾಮೀನಿನ ರೆಕ್ಕೆಯ ಕಡ್ಡಿಮೂಳೆಗಳನ್ನು ಪರೀಕ್ಷಿಸಿ, ಹೊಸದಾಗಿ ರೂಪುಗೊಳ್ಳುತ್ತಿರುವ ಮೂಳೆಯಲ್ಲಿ ಹರಳಾಗದ ಕ್ಯಾಲ್ಸಿಯಂ ಫಾಸ್ಫೇಟ್ ಹೇರಳವಾಗಿದೆ ಎಂದು ತೋರಿಸಿದರು. ರೆಕ್ಕೆಯ ಕಡ್ಡಿ ತುದಿಯ ಕಡೆಗೆ ಖಂಡಖಂಡವಾಗಿ ಬೆಳೆಯುವುದರಿಂದ ತುದಿಯ ಖಂಡ ಹೊಸದು, ಬುಡದ ಖಂಡ ಹಳೆಯದು, ಹಾಗಾಗಿ ಒಂದೇ ಕಡ್ಡಿಯ ಉದ್ದಕ್ಕೂ ಮೂಳೆಯ ವಯಸ್ಸು ಸಾಲಾಗಿ ಓದಲು ಸಿಗುತ್ತದೆ. ಬಲಿತ ಮೂಳೆಯ ಫಾಸ್ಫೇಟ್ ಶಿಖರ 959ರ ಬಳಿ ಚೂಪಾಗಿ ನಿಲ್ಲುತ್ತದೆ, ಹರಳಾಗದ್ದು 950ರ ಆಸುಪಾಸಿನಲ್ಲಿ ಅಗಲವಾದ ಗುಡ್ಡದಂತೆ ಕಾಣುತ್ತದೆ.

ಮುಖ್ಯ ಮಾತು ಏನೆಂದರೆ, ಹರಳಾಗದ ಈ ವಸ್ತು ಬಹಳ ಚಂಚಲವಾದದ್ದು, ನೀರು ಸೋಕಿದರೆ ಹರಳಾಗಿಬಿಡುವ ಸ್ವಭಾವದ್ದು. ಮರಿಯನ್ನು ಕೊಂದು, ಫಾರ್ಮಲಿನ್‌ನಲ್ಲಿಟ್ಟು, ತೊಳೆದು, ಕೊಯ್ದು, ಅಲಿಜರಿನ್ ಕೆಂಪು ಹಚ್ಚಿ ನೋಡುವಷ್ಟರಲ್ಲಿ, ನೀವು ಹುಡುಕಿಕೊಂಡು ಹೊರಟದ್ದೇ ಬೇರೆ ರೂಪಕ್ಕೆ ತಿರುಗಿರಬಹುದು. ಅಲಿಜರಿನ್ ಕ್ಯಾಲ್ಸಿಯಂ ಇದೆ ಎನ್ನುತ್ತದೆಯೇ ಹೊರತು ಅದು ಯಾವ ರೂಪದಲ್ಲಿದೆ ಎಂದು ಹೇಳುವುದಿಲ್ಲ. ಜೀವಂತ ಮರಿಯಲ್ಲಿಯೇ ನೋಡಬೇಕೆಂಬ ಹಟಕ್ಕೆ ಕಾರಣವಿರುವುದು ಇಲ್ಲಿ. ಸೆಮಿನಾರಿನವರು ಈ ಮಾತನ್ನು ಬಿಟ್ಟು, ಬಣ್ಣ ಬೇಡ ಎಂಬ ಜಾಹೀರಾತನ್ನು ಹಿಡಿದದ್ದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಸೂಕ್ಷ್ಮದರ್ಶಿ:
ಈ ಒಂದು ಪ್ರಶ್ನೆಗೆ ಒಪ್ಪುತ್ತೇನೆ. ಖನಿಜದ ರೂಪವನ್ನು ನನ್ನ ಹಸಿರು ಪ್ರೋಟೀನು ಹೇಳಲಾರದು. ಆದರೆ ಆ ಖನಿಜವನ್ನು ಇಟ್ಟ ಕೋಶ ಯಾವುದು ಎಂದು ನಿಮ್ಮ ರಾಮನ್ ಕೂಡ ಹೇಳಲಾರದು. 2014ರಲ್ಲಿ ಜೀವಂತ ಮರಿಗಳಲ್ಲಿ ಫ್ಲೂರೊಸೆನ್ಸ್ ಚಿತ್ರವನ್ನೂ ರಾಮನ್ ಅಳತೆಯನ್ನೂ ಒಟ್ಟಿಗೆ ಮಾಡಿ ಮೂಳೆಯ ಖನಿಜವನ್ನು ನೋಡಿದ್ದಾರೆ, ನನಗೆ ಅದೇ ಸರಿಯಾದ ದಾರಿ ಎನಿಸುತ್ತದೆ. ಮೊದಲು ಹೊಳಪಿನಿಂದ ಜಾಗ ಗುರುತಿಸಿ, ಆಮೇಲೆ ಆ ಹತ್ತಿಪ್ಪತ್ತು ಬಿಂದುಗಳಲ್ಲಿ ಮಾತ್ರ ರಾಮನ್ ತೆಗೆದರೆ ಹನ್ನೊಂದು ಗಂಟೆಯ ಗೋಳು ಕೂಡ ತಪ್ಪುತ್ತದೆ.

ಅಂಕಿಅಂಶ:
ಬಿಂದುಗಳ ಮಾತು ಬಂದದ್ದರಿಂದ ನಡುವೆ ಬಾಯಿ ಹಾಕುತ್ತಿದ್ದೇನೆ. ಮೂರು ಮರಿಗಳಿಂದ ಐನೂರು ವರ್ಣಪಟಲಗಳನ್ನು ತೆಗೆದು, ಮಾದರಿಯ ಗಾತ್ರ ಐನೂರು ಎಂದು ಬರೆದುಕೊಂಡು ಬರುವವರ ಲೇಖನಗಳನ್ನು ನಾನು ಆಗಾಗ ಓದಬೇಕಾಗುತ್ತದೆ. ಒಂದೇ ಮರಿಯ ಬಿಂದುಗಳು ಒಂದೇ ಮನೆಯ ಮಕ್ಕಳಿದ್ದಂತೆ, ಅವುಗಳ ಹೋಲಿಕೆಗೆ ನಿಮ್ಮ ಪ್ರಯೋಗ ಕಾರಣವಲ್ಲ. ಅಲ್ಲಿ ಮಾದರಿಯ ಗಾತ್ರ ಮೂರು. ಹಿನ್ನೆಲೆಯ ಹೊಳಪನ್ನು ಕಳೆಯುವ ಕ್ರಮವನ್ನೂ ಅಳತೆಗೆ ಮೊದಲೇ ನಿಗದಿ ಮಾಡಿಕೊಳ್ಳಿ, ಏಕೆಂದರೆ ಹಿನ್ನೆಲೆಯ ಮಟ್ಟವೆಂದು ಎಳೆಯುವ ಗೆರೆಯನ್ನು ಸ್ವಲ್ಪ ಆಚೀಚೆ ಎಳೆದರೂ ಅಗಲವಾದ ಗುಡ್ಡವೊಂದು ಹುಟ್ಟುತ್ತದೆ ಅಥವಾ ಮಾಯವಾಗುತ್ತದೆ. ನೀವು ಹುಡುಕುತ್ತಿರುವುದೂ ಅಗಲವಾದ ಗುಡ್ಡವನ್ನೇ.

ಪಟ್ಟೆಮೀನು:
ಎಲ್ಲರಿಗೂ ಕೃತಜ್ಞತೆಗಳು. ಪಿಟಿಯು ಬಿಟ್ಟು ಕ್ಯಾಸ್ಪರ್ ತಳಿಗೆ ಹೋಗುತ್ತೇನೆ, 785ರ ಲೇಸರನ್ನೇ ಇಟ್ಟುಕೊಳ್ಳುತ್ತೇನೆ, ಬಾಲದ ರೆಕ್ಕೆಯಲ್ಲಿ ತುದಿಯಿಂದ ಬುಡಕ್ಕೆ ಒಂದೇ ಸಾಲಿನಲ್ಲಿ ಅಳೆಯುತ್ತೇನೆ. ಒಂದೇ ಅನುಮಾನ ಉಳಿದಿದೆ. 950 ಮತ್ತು 959ರ ನಡುವೆ ಇರುವುದು ಒಂಬತ್ತರ ಅಂತರ ಮಾತ್ರ. ಉಪಕರಣವೇ ದಿನದಿಂದ ದಿನಕ್ಕೆ ಒಂದೆರಡು ಸರಿದರೆ, ಅರ್ಧ ಬಲಿತ ಮೂಳೆಯನ್ನು ನಾನು ಹೇಗೆ ಗುರುತಿಸಲಿ?

ಹಳೇಮೇಷ್ಟ್ರು:
ಪ್ರತಿದಿನ ಬೆಳಿಗ್ಗೆ ಮೀನಿಗೆ ಮುಂಚೆ ಸಿಲಿಕಾನ್ ತುಂಡೊಂದನ್ನು ಇಟ್ಟು ಅಳೆಯಿರಿ. ಅದರ ಗೆರೆ 520.7ರಲ್ಲಿ ಬರಬೇಕು. ಬಂದ ಸಂಖ್ಯೆಯನ್ನು ಪುಸ್ತಕದಲ್ಲಿ ಕೈಯಿಂದ ಬರೆದಿಡಿ, ಮಧ್ಯಾಹ್ನ ಕೋಣೆ ಕಾದ ಮೇಲೆ ಇನ್ನೊಮ್ಮೆ ನೋಡಿ. ಸರಿದಿದ್ದರೆ ಆ ದಿನ ಮೊಟ್ಟೆ ಶುಚಿ ಮಾಡುವ ಕೆಲಸ ಇಟ್ಟುಕೊಳ್ಳಿ.